ಮೂರನೇ ಪುಸ್ತಕ ಓದದವಳು

ಜಹೀರಾಬಾದಿನ ಕೇಬಲ್ ಮಾಲಕರು ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಬಂದಾಗ ನಾನು ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದೆ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಟೀವಿ ರಿಮೋಟು. ರಿಮೋಟನ್ನು ಮನೆಯಲ್ಲಿಟ್ಟು ಬರುವುದನ್ನು ಮರೆತಿದ್ದರು. ಕೂತವರೇ ನೇರ ವಿಷಯಕ್ಕೆ ಬಂದರು.

“ಮೇಡಂ, ಭಾನುವಾರ ಮುಂಜಾನೆ ಹನ್ನೊಂದಕ್ಕ ಆ ಹಕ್ಕಿ ಸೀರಿಯಲ್ ಬರ್ತದಲ್ರಿ, ಅದರ ಪುಸ್ತಕ ನೀವು ಓದೀರಂತ. ಖರೇನಾ?”

“ಓದೀನ್ರಿ.”

“ಎಲ್ಲಾ?”

“ಎಲ್ಲಾ,” ಅಂದೆ.

ಸುಳ್ಳು. ಅದು ನಾಲ್ಕು ದಪ್ಪ ಪುಸ್ತಕಗಳ ಕಥೆ. ಹೈದರಾಬಾದಿನಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಆಬಿಡ್ಸಿನ ಭಾನುವಾರದ ಫುಟ್‌ಪಾತಿನಲ್ಲಿ ಒಂದೊಂದಾಗಿ ಮೂರನ್ನು ಕೊಂಡಿದ್ದೆ. ಮೊದಲನೆಯದು, ಎರಡನೆಯದು, ನಾಲ್ಕನೆಯದು. ಮೂರನೆಯದು ಎಷ್ಟು ಭಾನುವಾರ ಅಲೆದರೂ ಸಿಕ್ಕಿರಲಿಲ್ಲ. ಸಿಗದಿದ್ದರೇನಾಯಿತು, ಇಡೀ ತಾಲೂಕಿನಲ್ಲಿ ಆ ಪುಸ್ತಕಗಳನ್ನು ಮುಟ್ಟಿ ನೋಡಿದವಳು ನಾನೊಬ್ಬಳೇ ಎಂಬ ಧೈರ್ಯ ನನಗಿತ್ತು. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ.

“ನಾಲ್ಕು ವಾರದಿಂದ ನೋಡಾಕತ್ತೀನಿ, ಯಾರು ಯಾರ ಮಗ ಅಂತ ತಿಳೀವಲ್ದು,” ಎಂದರು ಮಾಲಕರು. “ಮನ್ಯಾಗ ಕೇಳಿದ್ರ ನನ್ನ ಮರ್ಯಾದಿ ಹೋಗ್ತದ. ಕೇಬಲ್ ಮಾಲಕಗೇ ತಿಳೀಲಿಲ್ಲಂದ್ರ ಹ್ಯಾಂಗ? ನೀವು ಪ್ರತಿ ಭಾನುವಾರ ಸೀರಿಯಲ್ ಶುರು ಆಗೂಕಿಂತ ಮೊದಲ ನಮ್ಮ ಚಾನಲ್‌ನ್ಯಾಗ ಹದಿನೈದು ಮಿನಿಟ ಕುಂತು ಹೇಳ್ರಿ. ನಮ್ಮ ಗಡಿ ಮಂದಿ ಕನ್ನಡದಾಗೇ ಹೇಳ್ರಿ.”

ತೆಲಂಗಾಣದ ಚಳವಳಿ ಕಾವೇರುತ್ತಿದ್ದ ವರ್ಷಗಳು ಅವು. ಊರೂರಲ್ಲಿ ಧರಣಿಯ ಟೆಂಟು, ವಾರಕ್ಕೊಂದು ಬಂದ್, ಮೈಕಿನಲ್ಲಿ ಹಾಡು. ಇಂಥ ಹೊತ್ತಿನಲ್ಲಿ ಭಾನುವಾರ ಬಂತೆಂದರೆ ಟೆಂಟಿನಲ್ಲಿ ಕೂತವರೂ ಎದ್ದು ಹೋಗಿ ಯಾವುದೋ ದೇಶದ, ಹಿಂದಿಗೆ ಡಬ್ ಆದ, ಇಲ್ಲದ ಲೋಕದ ಕಥೆ ನೋಡುತ್ತಿದ್ದರು. ಅರ್ಥವಾಗುತ್ತಿರಲಿಲ್ಲ, ಆದರೂ ಬಿಡುತ್ತಿರಲಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಬೇಕಾದ ಕಥೆಗೆ ಬೇಕಾದ ವಿವರಣೆ ಸಿಗುತ್ತದೆ. ನನಗೆ ಮಾತ್ರ ಆ ಭಾನುವಾರಗಳ ನೆನಪು ಬಂದರೆ ಈಗಲೂ ಮನಸ್ಸು ಅಲ್ಲೇ ಹೋಗಿ ಕೂರುತ್ತದೆ.

ಮಾಲಕರ ಮನೆಯ ಹಿಂದಿನ ಕೋಣೆಯೇ ಕೇಬಲ್ ರೂಮು. ಮೇಲೆ ಮೂರು ಡಿಶ್, ಒಳಗೆ ಗೋಡೆಯುದ್ದಕ್ಕೂ ಬಿಸಿಯಾಗಿ ಗುಂಯ್‌ಗುಡುವ ಪೆಟ್ಟಿಗೆಗಳು. ಅವನ್ನೆಲ್ಲ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಭಾಯಿ ಎನ್ನುತ್ತಿದ್ದರು. ಮದುವೆ ವೀಡಿಯೋ ತೆಗೆಯುವ ಹ್ಯಾಂಡಿಕ್ಯಾಮೂ ಅವನದೇ. ಶುಕ್ರವಾರ ಕಾಲೇಜು ಮುಗಿದ ಮೇಲೆ ನಾನು ಹೋಗುತ್ತಿದ್ದೆ. ಅವನು ನನ್ನ ಮಾತನ್ನು ಟೇಪಿಗೆ ಹಿಡಿದು, ಕಂಪ್ಯೂಟರಿಗೆ ಇಳಿಸಿ, ಮೂರು ಸೀಡಿ ಬರೆಯುತ್ತಿದ್ದ. ಬರೆಯುವ ನಡುವೆ ಕರೆಂಟು ಹೋದರೆ ಆ ಸೀಡಿ ಕಸ. ಒಂದು ಸೀಡಿ ಜಹೀರಾಬಾದಿಗೆ. ಉಳಿದೆರಡು, ಮಾಲಕರ ಪಾಲುದಾರರು ನಡೆಸುತ್ತಿದ್ದ ನಾರಾಯಣಖೇಡ ಮತ್ತು ತಾಂಡೂರಿನ ಕೇಬಲ್ ರೂಮುಗಳಿಗೆ. ಶನಿವಾರ ಮುಂಜಾನೆಯ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ ಮಧ್ಯಾಹ್ನದೊಳಗೆ ತಲುಪುತ್ತಿದ್ದವು.

ಮೊದಲ ವಾರ ನಾನು ಹಳೆಯ ಕ್ಯಾಲೆಂಡರಿನ ಹಿಂದೆ ಚಾರ್ಟು ಬರೆದೆ. ದೊಡ್ಡದೊಂದು ಸರೋವರ, ಅದರ ದಂಡೆಯಲ್ಲಿ ನಾಲ್ಕು ಅರಸು ಮನೆತನ, ಒಂದೊಂದಕ್ಕೂ ಒಂದೊಂದು ಹಕ್ಕಿಯ ಗುರುತು: ಗೂಬೆ, ಹದ್ದು, ಕೊಕ್ಕರೆ, ಮೈನಾ. ಗೂಬೆ ಮನೆಯವರು ಕಥೆಯ ಒಳ್ಳೆಯವರು, ಹದ್ದಿನ ಮನೆಯವರು ಕ್ರೂರಿಗಳು ಎಂದು ಕಡ್ಡಿ ಹಿಡಿದು ತೋರಿಸಿ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆನೆಂದು ನನಗೆ ನಾನೇ ಶಾಭಾಸ್ ಕೊಟ್ಟುಕೊಂಡೆ.

ಸೋಮವಾರ ಮಾಲಕರು ಕಾಲೇಜಿಗೇ ಫೋನು ಮಾಡಿದರು. “ಮೇಡಂ, ಮುಂಜಾನಿಂದ ಫೋನ್ ಇಡಾಕ ಬಿಡವಲ್ರು. ಗರುಡ ಕಂಡ್ರ ಕೈ ಮುಗಿಯೋ ಮಂದಿರಿ ನಾವು. ಗೂಗಿ ಮನಿ ಮ್ಯಾಲ ಕುಂತ್ರ ಶಾಂತಿ ಮಾಡಸ್ತೀವಿ. ಗೂಗಿ ಮನಿಯವ್ರು ಛಲೋ, ಗರುಡನ ಮನಿಯವ್ರು ಕೆಟ್ಟವ್ರು ಅಂದ್ರ ಯಾರ್ ನಂಬ್ತಾರ್ರಿ? ನಮ್ಮ ಮನ್ಯಾಕಿ ಅಂತೂ ಗೂಗಿ ತೋರಿಸಿದ್ರ ಟೀವಿನೇ ಬಂದ್ ಮಾಡ್ತಾಳ.”

ಮೊದಲ ನಾಲ್ಕು ವಾರ ನಮ್ಮ ಜನ ಯಾಕೆ ತಲೆ ಕೆಡಿಸಿಕೊಂಡಿದ್ದರೆಂದು ಆಗ ಹೊಳೆಯಿತು. ಅವರೆಲ್ಲ ಹಕ್ಕಿ ನೋಡಿ ಪಕ್ಷ ಹಿಡಿದಿದ್ದರು. ಗೆಲ್ಲಬೇಕಾದವರು ಮೋಸ ಮಾಡುತ್ತಿದ್ದರು, ಸಾಯಬೇಕಾದವರು ದಾನಧರ್ಮ ಮಾಡುತ್ತಿದ್ದರು. ಹೀಗಾದರೆ ಯಾರಿಗಾದರೂ ಹೇಗೆ ಅರ್ಥವಾಗಬೇಕು!

ಹಕ್ಕಿಯನ್ನೇ ಬಿಟ್ಟರೆ? ಆ ಶುಕ್ರವಾರ ಮಾಲಕರ ಅಡುಗೆ ಮನೆಯಿಂದ ಒಂದು ಮೊರ ಮತ್ತು ನಾಲ್ಕು ಬಗೆಯ ಕಾಳು ಇಸಿದುಕೊಂಡೆ. ಕಪ್ಪು ಬಟ್ಟೆ ಹಾಸಿದ ಮೊರದ ನಾಲ್ಕು ಮೂಲೆಗೆ ನಾಲ್ಕು ಹಿಡಿ. ಗೂಬೆ ಮನೆ ಹೆಸರುಕಾಳು, ಹದ್ದಿನ ಮನೆ ತೊಗರಿ, ಕೊಕ್ಕರೆ ಮನೆ ಜೋಳ, ಮೈನಾ ಮನೆ ಕಡಲೆ. ನಡುವೆ ಒಂದು ಬಟ್ಟಲು ನೀರು, ಅದೇ ಸರೋವರ. ಯಾರು ಯಾರ ಮನೆಗೆ ಮದುವೆಯಾಗಿ ಹೋದರೋ ಅವರ ಕಾಳನ್ನು ಅಲ್ಲಿಗೆ ಸರಿಸುವುದು. ಸತ್ತವರ ಕಾಳನ್ನು ಮೊರದಿಂದ ಕೆಳಗಿಡುವುದು. ಭಾಯಿ ಹ್ಯಾಂಡಿಕ್ಯಾಮನ್ನು ಫ್ಯಾನಿನ ಕೊಂಡಿಗೆ ತಲೆಕೆಳಗಾಗಿ ಕಟ್ಟಿ ಮೇಲಿನಿಂದ ಮೊರ ಮಾತ್ರ ಕಾಣುವಂತೆ ಮಾಡಿದ. “ಮೇಡಂ, ಫ್ಯಾನ್ ನಕ್ಕೋ,” ಹಾಕಲೇಬೇಡಿ ಎಂದು ಸ್ವಿಚ್ಚಿಗೆ ಟೇಪು ಹಚ್ಚಿಬಿಟ್ಟ. ಸೆಕೆಗೆ ಬೆವರು ಮೊರದೊಳಗೆ ಬೀಳದಂತೆ ಕುತ್ತಿಗೆಗೆ ಟವೆಲು ಸುತ್ತಿಕೊಂಡು ಕಥೆ ಹೇಳಿದೆ.

ಹತ್ತಿತು ನೋಡಿ! ಮುಂದಿನ ವಾರದಿಂದ ಯಾರೂ ಹಕ್ಕಿಯ ಮಾತೆತ್ತಲಿಲ್ಲ. ತೊಗರಿ ಮನೆಯವರು, ಹೆಸರಿನ ಮನೆಯವರು ಎಂದೇ ಬಜಾರಿನಲ್ಲಿ ಮಾತು. ತೊಗರಿಗೆ ಹೆಸರಾದ ತಾಂಡೂರಿನಿಂದ ಮಾತ್ರ ತಕರಾರು ಬಂತು, ಕೆಟ್ಟವರಿಗೆ ನಮ್ಮ ತೊಗರಿಯೇ ಸಿಕ್ಕಿತೇ ಎಂದು. ನನಗೆ ಕಾಳಿನ ಮೇಡಂ ಎಂದು ಹೆಸರು ಬಿತ್ತು. ಹೊಸದಾಗಿ ನೋಡಲು ಶುರುಮಾಡಿದವರಿಗೆ ಹಳಬರು ಮನೆಯಲ್ಲೇ ಮೊರ ಹಿಡಿದು ಹೇಳುತ್ತಾರಂತೆ ಎಂದು ಭಾಯಿ ಸುದ್ದಿ ತಂದ.

ಕಷ್ಟವೆಂದು ನಾನು ಹೆದರಿದ್ದು ಸುಲಭವಾಯಿತು. ಆ ಲೋಕದಲ್ಲಿ ಸತ್ತವರ ಹೆಸರು ಆ ಮನೆಯ ಕೂಸಿಗೆ ಹೋಗುತ್ತದೆ, ಹೆಸರಿನ ಜೊತೆ ನೆನಪೂ ಹೋಗುತ್ತದೆ. ಒಂದೇ ಹೆಸರಿನವರು ಮೂವರು. ಕಾಲೇಜಿನ ಸಹೋದ್ಯೋಗಿಗಳಿಗೆ ಇದನ್ನು ತಿಳಿಸಲು ನನಗೆ ಒಂದು ಇಡೀ ಮಧ್ಯಾಹ್ನ ಹಿಡಿದಿತ್ತು. ನಮ್ಮ ಹಳ್ಳಿಗಳಲ್ಲಿ ಎರಡು ಮಾತು ಸಾಕಾಯಿತು. ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟು, ಹೆಸರು ಹಿಡಿದು ಕರೆಯಲಾರದೆ “ಅಪ್ಪಾ” ಎಂದು ಮುದ್ದಿಸುವ ಸೊಸೆಯಂದಿರಿಗೆ ನಾನೇನು ಹೇಳಿಕೊಡುವುದಿತ್ತು?

ಕಾಳಿನ ಮೇಡಂ ಎಂಬ ಹೆಸರಿನಿಂದ ನನಗಾದ ಲಾಭ ಹಾಗಿರಲಿ, ಅಪ್ಪನಿಗಾದದ್ದನ್ನು ಹೇಳಬೇಕು. ನಮ್ಮೂರು ಮನೂರ್ ಕಡೆಯದು, ನಾರಾಯಣಖೇಡದ ಕೇಬಲ್ಲು ಅಲ್ಲಿಗೂ ಬಂದಿತ್ತು. ನಮ್ಮದು ಬೌದ್ಧರ ಕೇರಿ. ಅಪ್ಪ ಕೂಲಿಯವನು, ಅಕ್ಷರ ಬಾರದವನು. ಊರ ಚಹಾದಂಗಡಿಯಲ್ಲಿ ಅವನು ಎಂದೂ ಒಳಗೆ ಕೂತವನಲ್ಲ. ಹೊರಗಿನ ಕಲ್ಲಿನ ಮೇಲೆ ಕೂತು ಕುಡಿದು, ಲೋಟ ತೊಳೆದಿಟ್ಟು ಬರುವವನು. ಹೋಗಬೇಡವೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬಾ ಎಂದೂ ಹೇಳುತ್ತಿರಲಿಲ್ಲ. ಅಂಗಡಿಯ ಒಳಗೆ ಟೀವಿ ಇತ್ತು. ನಾನು ಅದರಲ್ಲಿ ಬರಲು ಶುರುವಾದ ಮೂರನೆಯ ವಾರವೋ ನಾಲ್ಕನೆಯ ವಾರವೋ, ಯಾರೋ “ಕಾಳಿನ ಮೇಡಂ ಅಪ್ಪ ಹೊರಗ ಯಾಕ ಕುಂತಾನ, ಒಳಗ ಕರೀರಿ” ಅಂದರಂತೆ. ಅಂದಿನಿಂದ ಅಪ್ಪ ಭಾನುವಾರಕ್ಕೆಂದೇ ಧೋತರ ಒಗೆದಿಟ್ಟುಕೊಳ್ಳುತ್ತಿದ್ದ. ಬೆಂಚಿನ ಮೇಲೆ ಕೂತು, ಕೇಳಿದವರಿಗೂ ಕೇಳದವರಿಗೂ “ನಮ್ಮ ಮಗಳು ಎಲ್ಲಾ ಪುಸ್ತಕ ಓದ್ಯಾಳ” ಎನ್ನುತ್ತಿದ್ದನಂತೆ. ಅವ್ವ ಇದನ್ನು ಫೋನಿನಲ್ಲಿ ಹೇಳಿದಾಗ ನನಗೆ ಖುಷಿಯಾಯಿತು. ಆದರೆ ಫೋನಿಟ್ಟವಳೇ ಎರಡನೇ ಪುಸ್ತಕದ ಕೊನೆಯನ್ನೂ ನಾಲ್ಕನೆಯದರ ಮೊದಲನ್ನೂ ಮತ್ತೆ ತಿರುವಿಹಾಕಿದೆ. ಯಾಕೆಂದರೆ ಸೀರಿಯಲ್ಲು ಮೂರನೇ ಪುಸ್ತಕದೊಳಗೆ ಕಾಲಿಟ್ಟಿತ್ತು.

ಎರಡನೇ ಪುಸ್ತಕದ ಕೊನೆಗೆ ಹೆಸರಿನ ಮನೆಯ ರಾಣಿ, ಶತ್ರುಗಳಿಗೆ ಹೆದರಿ, ತನ್ನ ಹಸುಗೂಸನ್ನು ಒಬ್ಬ ಅಂಬಿಗನ ಕೈಗೆ ಕೊಟ್ಟು ಸರೋವರ ದಾಟಿಸಲು ಹೇಳುತ್ತಾಳೆ. ನಾಲ್ಕನೇ ಪುಸ್ತಕ ಶುರುವಾಗುವ ಹೊತ್ತಿಗೆ ಮೂವತ್ತು ವರ್ಷ ಕಳೆದಿವೆ, ಅಂಬಿಗ ಸತ್ತಿದ್ದಾನೆ. ಅವನ ಬಗ್ಗೆ ಅಲ್ಲಿರುವುದು ಒಂದೇ ಸಾಲು: ಅವನ ಬೆರಳಲ್ಲಿ ಹದ್ದಿನ ಮನೆಯ ಉಂಗುರವಿತ್ತು. ನಡುವೆ ನಡೆದದ್ದೇನು? ನನಗೇನು ಗೊತ್ತು. ಆ ಒಂದು ಸಾಲು ಹಿಡಿದು ನಾನು ಲೆಕ್ಕ ಹಾಕಿದೆ, ಅಂಬಿಗ ಶತ್ರುವಿನ ಗೂಢಚಾರನೇ ಇರಬೇಕು. ಮೊರದಲ್ಲಿ ಅವನನ್ನು ಹೆಸರಿನ ರಾಶಿಯಿಂದ ತೆಗೆದು ತೊಗರಿಯ ಪಕ್ಕಕ್ಕಿಟ್ಟು, “ನೆನಪಿಡ್ರಿ, ಇಂವನ ನಂಬಬ್ಯಾಡ್ರಿ. ಪುಸ್ತಕ ಓದಿದಾಕಿ ಹೇಳಾಕತ್ತೀನಿ” ಎಂದೆ. ಕಡೆಯ ಮಾತು ಬೇಕಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವರ ಹಾಗೆ ಅದು ತಾನಾಗಿ ಬಾಯಿಂದ ಬಂತು.

ಆ ವಾರವೇ ಸಾರ್ವತ್ರಿಕ ಮುಷ್ಕರ ಶುರುವಾಯಿತು. ಕಾಲೇಜಿಗೆ ಬೀಗ. ಬಸ್ಸುಗಳೆಲ್ಲ ಡಿಪೋದಲ್ಲಿ. ರಸ್ತೆಯ ನಡುವೆ ಒಲೆ ಹೂಡಿ ಅಡುಗೆ ಮಾಡಿ ಅಲ್ಲೇ ಊಟಕ್ಕೆ ಕೂರುತ್ತಿದ್ದ ಚಳವಳಿಗಾರರು. ಕಡೆಯ ಬಸ್ಸಿನಲ್ಲಿ ನಾನು ಊರು ಸೇರಿಕೊಂಡಿದ್ದೆ. ಜಹೀರಾಬಾದಿಗೆ ಹೋಗುವ ದಾರಿಯಿಲ್ಲ, ಸೀಡಿ ಕಳಿಸುವ ದಾರಿಯೂ ಇಲ್ಲ. ಮಾಲಕರು ಫೋನು ಮಾಡಿ, “ಮೇಡಂ, ನಿಮ್ಮೂರಿಂದ ಖೇಡಕ್ಕ ಆಟೋ ಸಿಗ್ತಾವಲ್ರಿ. ಅಲ್ಲಿ ರೂಮಿನಾಗ ಕುಂತು ಲೈವ್ ಹೇಳ್ರಿ. ಖೇಡದ ಮಂದಿಗಿ ಸಿಕ್ಕಷ್ಟೇ ಸಿಗ್ಲಿ” ಎಂದರು.

ಭಾನುವಾರ ಅಪ್ಪ ತಾನೂ ಬರುತ್ತೇನೆಂದು ಹೊರಟು ನಿಂತ. ಗದ್ದಲದ ದಿನಗಳು, ಒಬ್ಬಳನ್ನೇ ಹೇಗೆ ಕಳಿಸುವುದು ಎಂಬುದು ನೆಪ. ಮಗಳು ಕೂತು ಮಾತಾಡುವ ಜಾಗ ನೋಡುವ ಆಸೆ ಅವನ ಮುಖದಲ್ಲೇ ಕಾಣುತ್ತಿತ್ತು. ಶೇರ್ ಆಟೋದಲ್ಲಿ ಹನ್ನೊಂದು ಮಂದಿ ಒತ್ತಿಕೊಂಡು ಹೊರಟೆವು. ನಡುದಾರಿಯಲ್ಲಿ ಕಲ್ಲಿಟ್ಟು ತಡೆದರು. ಕೊರಳಿಗೆ ಚಳವಳಿಯ ಗುಲಾಬಿ ಶಾಲು ಹಾಕಿಕೊಂಡ ಹುಡುಗನೊಬ್ಬ ಆಟೋದೊಳಗೆ ಬಗ್ಗಿ ನೋಡಿ, ತೊಡೆಯ ಮೇಲಿನ ಮೊರದಿಂದ ನನ್ನನ್ನು ಗುರುತು ಹಿಡಿದು, ಆ ದೋಣಿಯವನು ಒಳ್ಳೆಯವನೋ ಕೆಟ್ಟವನೋ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗಿ ಎಂದು ತೆಲುಗಿನಲ್ಲಿ ಕೇಳಿದ. ಆಟೋದವರೆಲ್ಲ ನಕ್ಕರು. ನಾನು ನಗಲಿಲ್ಲ. ನನ್ನ ಪರವಾಗಿ ಅಪ್ಪನೇ “ಕೆಟ್ಟಾಂವ” ಎಂದು ಉತ್ತರ ಕೊಟ್ಟ. ಕಲ್ಲು ಸರಿಸಿದರು.

ಖೇಡದ ಕೇಬಲ್ ರೂಮು ಒಂದು ಮನೆಯ ಮಾಳಿಗೆಯ ಮೇಲಿತ್ತು. ಅಲ್ಲಿನ ಆಪರೇಟರು ಹ್ಯಾಂಡಿಕ್ಯಾಮಿನ ಹಳದಿ ಬಿಳಿ ವೈರುಗಳನ್ನು ನೇರ ಪೆಟ್ಟಿಗೆಗೆ ಚುಚ್ಚಿ ಲೈವಿಗೆ ತಯಾರು ಮಾಡುತ್ತಿದ್ದ. ನಾನು ಮೊರದಲ್ಲಿ ಕಾಳು ಹೊಂದಿಸುತ್ತಿದ್ದೆ. ಇನ್ನು ಹದಿನೈದು ನಿಮಿಷವಿದೆ ಎನ್ನುವಾಗ ಒಬ್ಬ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತು ದಾಟಿದವರು, ಕೊರಳಲ್ಲಿ ಬೆಳ್ಳಿಯ ಲಿಂಗದ ಕರಡಿಗೆ. ನಾಗಲಗಿದ್ದ ಎಂಬ ಊರಿನವರು, ಕೆಳಗಿನ ಮನೆಯ ಮಗಳ ಹತ್ತಿರ ಬಂದು ಬಸ್ಸಿಲ್ಲದೆ ಅಲ್ಲೇ ಸಿಕ್ಕಿಬಿದ್ದಿದ್ದರು.

“ಏ ಯವ್ವಾ, ಕಾಳಿನಾಕಿ ನೀನೇ ಏನ?” ಎಂದರು, ಏದುಸಿರು ಬಿಡುತ್ತ. “ಹೋದ ವಾರ ಆ ಅಂಬಿಗ್ಯಾನ ನಂಬಬ್ಯಾಡ್ರಿ ಅಂದಿ. ಯಾಕ ಅಂದಿ?”

“ಅವ ತೊಗರಿ ಮನಿ ಜಾಸೂಸ ಅದಾನ್ರಿ ಅಮ್ಮಾ.”

“ಥೂ! ಅವ ಆ ಕೂಸಿನ ಸ್ವಾದರಮಾವ ಅದಾನ. ಹೆಸರಿನ ಮನಿ ರಾಣಿ ತಮ್ಮ ಅದಾನ.”

ನನಗೆ ನಗು ಬಂತು. ಸೀರಿಯಲ್ಲಿನಲ್ಲಿ ರಾಣಿಗೆ ತಮ್ಮನಿದ್ದಾನೆಂಬ ಸುಳಿವೇ ಇರಲಿಲ್ಲ. “ನಿಮಗ ಹ್ಯಾಂಗ ಗೊತ್ತಾತ್ರಿ?”

“ಕಣ್ಣಿಲ್ಲೇನ ನನಗ? ಕೂಸಿನ ಕೂದಲ ಕತ್ತರಿಸಿ ನೀರಾಗ ಬಿಟ್ರು. ಆಗ ಕೂಸು ಯಾರ ತೊಡಿ ಮ್ಯಾಲಿತ್ತು? ಅಂಬಿಗ್ಯಾನ ತೊಡಿ ಮ್ಯಾಲ. ಜಾವಳ ಸ್ವಾದರಮಾವನ ತೊಡಿ ಮ್ಯಾಲ ತೆಗೀಲಾರದೆ ದಾರ್ಯಾಗ ಹೋಗವ್ನ ತೊಡಿ ಮ್ಯಾಲ ತೆಗೀತಾರೇನ?”

“ಅಮ್ಮಾ, ಅವ್ರ ನಾಡಾಗ ನಮ್ಮ ಪದ್ಧತಿ ಇರಂಗಿಲ್ರಿ.”

“ಇರಬ್ಯಾಡ ಬಿಡು. ರಾಣಿ ಅವಂಗ ಬೈದಿದ್ದರ ಕೇಳೀದಿ? ‘ಮೊದಲ ತಿಂದು ಸಾಯಿ, ಆಮ್ಯಾಲ ದೋಣಿ ಬಿಡು’ ಅಂದಳು. ಯಾವ ರಾಣಿ ಆಳಿಗಿ ಹಂಗ ಬೈತಾಳ? ಆಳಿಗಿ ಬೈಯೂದು ಬ್ಯಾರೆ, ತಮ್ಮಗ ಬೈಯೂದು ಬ್ಯಾರೆ. ಮೂರು ಮಂದಿ ತಮ್ಮಂದಿರಿಗಿ ಬೈದು ಬೈದು ದೊಡ್ಡವ್ರ ಮಾಡೀನಿ ನಾನು.”

ನನ್ನ ನಗು ನಿಂತಿತು. ಹಿಂದಿಯಲ್ಲಿ ಆ ಬೈಗುಳವನ್ನು ನಾನೂ ಕೇಳಿದ್ದೆ. ಕೇಳಿ, ಡಬ್ ಮಾಡಿದವರು ರಾಣಿಯ ಘನತೆ ಕೆಡಿಸಿದರು ಎಂದು ಮೂಗು ಮುರಿದಿದ್ದೆ. ಎಂ.ಎ. ಓದಿದ ನನ್ನ ತಲೆಗೆ ಹೊಳೆಯದ್ದು ಈ ಅಜ್ಜಿಗೆ ಒಂದೇ ಬೈಗುಳದಲ್ಲಿ ಗೊತ್ತಾಗಿತ್ತು.

“ಪುಸ್ತಕದಾಗ ಏನ್ ಬರದಾರ? ಅದನ್ನರ ಹೇಳು,” ಎಂದರು ಅಜ್ಜಿ.

ಬಾಗಿಲಲ್ಲಿ ನಿಂತಿದ್ದ ಅಪ್ಪ ಒಂದು ಹೆಜ್ಜೆ ಒಳಗಿಟ್ಟು, ಕೈ ಮುಗಿದು, ನಗುತ್ತಲೇ ಹೇಳಿದ. “ನಮ್ಮ ಮಗಳು ಎಲ್ಲಾ ಪುಸ್ತಕ ಓದ್ಯಾಳ್ರಿ ಅಮ್ಮಾ. ಆಕಿ ತಪ್ಪ ಹೇಳಂಗಿಲ್ಲ.”

ಆಪರೇಟರು ಎರಡು ಬೆರಳೆತ್ತಿದ. ಎರಡು ನಿಮಿಷ.

ಆ ಎರಡು ನಿಮಿಷ ನಾನು ಪಟ್ಟ ಪಾಡು ಯಾವ ಪರೀಕ್ಷೆಯಲ್ಲೂ ಪಟ್ಟಿಲ್ಲ. ತಪ್ಪಿಸಿಕೊಳ್ಳಲು ದಾರಿಗಳಿದ್ದವು. ಮುಂದೆ ನೋಡೋಣ ಅನ್ನಬಹುದಿತ್ತು. ಅಂಬಿಗನ ಮಾತೇ ಎತ್ತದೆ ಕೊಕ್ಕರೆ ಮನೆಯ ಮದುವೆ ಹೇಳಬಹುದಿತ್ತು. ಒಪ್ಪಿಕೊಂಡರೆ ನನ್ನ ಕಾಳಿನ ಮೇಡಂ ಗಿರಿ ಹೋಗುತ್ತದೆ, ಹೋಗಲಿ. ಊರಿನಲ್ಲಿ, ಆ ಅಂಗಡಿಯಲ್ಲಿ, ಆ ಬೆಂಚಿನಲ್ಲಿ ಅಪ್ಪನ ಗತಿಯೇನು? ಕೂಲಿಯವನ ಮಗಳು ಓದಿದ್ದೇನೆಂದು ಸುಳ್ಳು ಹೇಳಿದಳು ಎಂದರೆ ಆ ಮಾತು ನನ್ನೊಬ್ಬಳ ಮೇಲೆ ನಿಲ್ಲುವುದಿಲ್ಲ. ನಮ್ಮ ಕೇರಿಯಲ್ಲಿ ಮುಂದೆ ಓದುವ ಎಲ್ಲರ ಮೇಲೂ ಬೀಳುತ್ತದೆ. ಇದನ್ನು ಯಾರೂ ನನಗೆ ಕಲಿಸಬೇಕಿರಲಿಲ್ಲ, ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೆ ಎದುರಿಗೆ ಅಜ್ಜಿ ಕಣ್ಣು ಮಿಟುಕಿಸದೆ ಕೂತಿದ್ದರು. ಕಥೆಯನ್ನು ನನಗಿಂತ ಆಸೆಯಿಂದ ನೋಡಿದವರು. ಅವರು ಕಂಡದ್ದನ್ನು ಸುಳ್ಳೆಂದು ಸಾಧಿಸಲು ನನ್ನ ಹತ್ತಿರವಿದ್ದದ್ದು ನಾನು ಓದದ ಪುಸ್ತಕ.

ಕೆಂಪು ದೀಪ ಹತ್ತಿತು. ಮೊರ ತೋರಿಸುವ ಮೊದಲು ಕ್ಯಾಮರಾವನ್ನು ನನ್ನ ಮುಖಕ್ಕೆ ತಿರುಗಿಸಲು ಹೇಳಿದೆ.

“ಹೋದ ವಾರ ಅಂಬಿಗ ಜಾಸೂಸ ಅದಾನ ಅಂದಿದ್ದೆ,” ಎಂದೆ. “ಅದು ಪುಸ್ತಕದಾಗಿಂದಲ್ಲ, ನನ್ನ ಅಂದಾಜು. ಮೂರನೇ ಪುಸ್ತಕ ನಾ ಓದಿಲ್ಲ. ನನ್ನ ಹತ್ರ ಇಲ್ಲ. ಎಲ್ಲಾ ಓದೀನಿ ಅಂತ ಅಂದಿದ್ದು ಸುಳ್ಳು. ತಪ್ಪಾತು. ಇಲ್ಲೊಬ್ಬ ಅಮ್ಮ ಬಂದಾರ, ಅವ್ರು ಪುಸ್ತಕ ಓದಿಲ್ಲ, ಸೀರಿಯಲ್ ಮಾತ್ರ ನೋಡ್ಯಾರ. ಅವ್ರು ಏನ್ ಕಂಡಾರ ಅಂತ ಕೇಳ್ರಿ.”

ಅಜ್ಜಿಗೆ ಕ್ಯಾಮರಾದ ಅಂಜಿಕೆ ಕೂದಲಷ್ಟೂ ಇರಲಿಲ್ಲ. ಸೆರಗು ಸರಿಮಾಡಿಕೊಂಡು ಮೊರವನ್ನು ತಮ್ಮತ್ತ ಎಳೆದುಕೊಂಡರು. ಅಂಬಿಗನ ಕಾಳನ್ನು ತೊಗರಿಯ ಪಕ್ಕದಿಂದ ಎತ್ತಿ ರಾಣಿಯ ಕಾಳಿಗೆ ಅಂಟಿಸಿಯೇ ಇಟ್ಟರು. ಜಾವಳ, ಬೈಗುಳ ಎಲ್ಲ ಹೇಳಿ, ನಡುವೆ ತಮ್ಮ ಮೂವರು ತಮ್ಮಂದಿರ ಕಥೆಯನ್ನೂ ಸೇರಿಸಿ, ಹದಿನೈದರ ಬದಲು ಇಪ್ಪತ್ತೆರಡು ನಿಮಿಷ ಮಾತಾಡಿದರು. ಆಪರೇಟರು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

ಹಿಂದಿರುಗುವಾಗ ಅಪ್ಪ ಎದೆಯುದ್ದ ಬೆಳೆದ ತೊಗರಿ ಹೊಲಗಳನ್ನು ನೋಡುತ್ತ ಕೂತಿದ್ದ. “ಅಪ್ಪಾ” ಎಂದೆ. “ಹೂಂ” ಎಂದ. ಮರುವಾರ ಖೇಡಕ್ಕೆ ಹೊರಟಾಗ, “ನನಗ ಕೆಲಸ ಅದ, ನೀ ಹೋಗಿ ಬಾ” ಎಂದ. ಅದರ ಮರುವಾರವೂ ಅದೇ ಮಾತು. ಧೋತರ ಗಳುವ ಮೇಲೆ ಮಡಿಸಿಟ್ಟದ್ದು ಹಾಗೇ ಇತ್ತು. ನನ್ನಿಂದ ಅಪ್ಪನ ಮುಖ ಕೆಳಗಾಯಿತೆಂದು ಒಳಗೊಳಗೇ ಅತ್ತೆ. ಅವ್ವನ ಮುಂದೆ ಮಾತ್ರ ಹೊಗೆ ಕಣ್ಣಿಗೆ ಹೋಯಿತೆಂದೆ.

ಮುಷ್ಕರ ಮುಗಿದು ಬಸ್ಸು ಬಿಟ್ಟ ಮೇಲೆ ಜಹೀರಾಬಾದಿಗೆ ಹೋದೆ. ಮಾಲಕರಿಗೆ ಸುದ್ದಿ ಮುಟ್ಟಿತ್ತು. ರಿಮೋಟಿನಿಂದ ತೊಡೆ ತಟ್ಟಿಕೊಳ್ಳುತ್ತ, “ಆಗಿದ್ದು ಆತು ಮೇಡಂ. ಖೇಡದಾಗ ಹೇಳೀರಿ, ಮುಗೀತು. ಇಲ್ಲಿ ಮತ್ತ ತಾಂಡೂರಾಗ ಯಾರಿಗೂ ಗೊತ್ತಿಲ್ಲ. ಸುಮ್ನ ಮುಂದಿನ ಕಥಿ ಹೇಳ್ರಿ” ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದರು. ನನಗೂ ಒಂದು ಗಳಿಗೆ ಆಸೆಯಾಯಿತು. ಆದರೆ ಮೂರು ಊರಿಗೆ ಒಂದು ಸುಳ್ಳು ಹಂಚಿ, ಒಂದೇ ಊರಿನಿಂದ ವಾಪಸು ತೆಗೆದುಕೊಂಡರೆ ಅದು ಯಾವ ಲೆಕ್ಕ? ರೆಕಾರ್ಡಿಂಗಿನಲ್ಲಿ ಅದೇ ಮಾತು ಮತ್ತೆ ಹೇಳಿದೆ. ಮುಗಿದ ಮೇಲೆ ಭಾಯಿ ಮೆಲ್ಲಗೆ, “ಮೇಡಂ, ಶುರೂಕಾ ಮಾತು ಕಟ್ ಮಾಡ್ಲ್ಯಾ?” ಎಂದು ಕೇಳಿದ. “ನಕ್ಕೋ ಭಾಯಿ,” ಎಂದೆ. ಅವನು ಮತ್ತೇನೂ ಕೇಳದೆ ಮೂರು ಸೀಡಿ ಬರೆದ.

ಫೋನುಗಳು ಬಂದವು. ತಾಂಡೂರಿನಿಂದ ಒಬ್ಬರು, ಓದದೆ ಯಾಕೆ ಕೂತಿರಿ ಎಂದು ಚೆನ್ನಾಗಿ ಬೈದರು. ಆದರೆ ಹೆಚ್ಚಿನವರು ಬೈಯಲು ಮಾಡಿದ ಫೋನಿನಲ್ಲಿ ತಮ್ಮ ಅಂದಾಜು ಹೇಳತೊಡಗಿದರು. ಅಂಬಿಗನ ಬಗ್ಗೆ, ಮೈನಾ ಮನೆಯ ವಿಧವೆಯ ಬಗ್ಗೆ, ಕೂಸು ಬದುಕುತ್ತದೋ ಇಲ್ಲವೋ ಎಂಬುದರ ಬಗ್ಗೆ. ನಾನು ಬರೆದಿಟ್ಟುಕೊಂಡು, ಇದು ಇಂಥ ಊರಿನವರ ಅಂದಾಜು, ಇದು ನಾನು ಓದಿದ್ದು ಎಂದು ಬೇರೆ ಬೇರೆ ಮಾಡಿ ಹೇಳತೊಡಗಿದೆ. ಹೊಸಬರಿಗೆ ಕಥೆ ತಿಳಿಸುವ ಕೆಲಸ ನಿಜವಾಗಿ ಶುರುವಾದದ್ದು ಆಗಲೇ ಎಂದು ಈಗ ಅನ್ನಿಸುತ್ತದೆ.

ದೀಪಾವಳಿಯ ಹಿಂದಿನ ಭಾನುವಾರ ಗುಟ್ಟು ಹೊರಬಿತ್ತು. ಅಂಬಿಗ ರಾಣಿಯ ಒಡಹುಟ್ಟಿದ ತಮ್ಮನೇ. ಅದೇ ಕಂತಿನಲ್ಲಿ, ಅಕ್ಕನ ಪ್ರಾಣ ಉಳಿಸಲು ಅವನು ಹದ್ದಿನ ಮನೆಯ ಉಂಗುರ ತೊಟ್ಟು ಅವರಿಗೆ ಸುದ್ದಿ ಮುಟ್ಟಿಸುತ್ತಿದ್ದನೆಂಬುದೂ ಬಂತು. ನಾಗಲಗಿದ್ದದ ಅಜ್ಜಿಗೆ ಫೋನು ಮಾಡಿ, “ನೀವೂ ಖರೆ, ನಾನೂ ಖರೆ ಆತಲ್ರಿ ಅಮ್ಮಾ” ಎಂದೆ. ಅವರು ಒಪ್ಪಲಿಲ್ಲ. “ಸ್ವಾದರಮಾವ ಜಾಸೂಸಗಿರಿ ಮಾಡಂಗಿಲ್ಲ. ಸೀರಿಯಲ್‌ನವ್ರು ಅಷ್ಟು ತಪ್ಪ ತೆಗದಾರ” ಎಂದು ಫೋನಿಟ್ಟರು.

ಹಬ್ಬದ ರಜೆಗೆ ಊರಿಗೆ ಹೋದೆ. ಊಟದ ಹೊತ್ತಾದರೂ ಅಪ್ಪ ಬಂದಿರಲಿಲ್ಲ, ಅಂಗಡಿಗೆ ಹೋಗ್ಯಾನ, ಕರಕೊಂಡು ಬಾ ಎಂದಳು ಅವ್ವ. ಹೋದೆ. ಒಳಗಿನ ಮಾತು ಹೊರಗೇ ಕೇಳಿಸಿತು.

“ಅಲ್ಲೋ, ನಿನ್ನ ಮಗಳು ಟೀವ್ಯಾಗ ಕುಂತು ಓದಿಲ್ಲ ಅಂದಳಲ್ಲ,” ಊರ ಗೌಡರ ಕಡೆಯವನೊಬ್ಬ ಕೆಣಕುತ್ತಿದ್ದ. “ಯಾರರ ಹಂಗ ಅಂತಾರೇನ? ಸುಮ್ನಿದ್ರ ಯಾರಿಗಿ ಗೊತ್ತಾಗ್ತಿತ್ತು? ಇದ್ದ ಮರ್ಯಾದಿ ಕಳದಳು.”

ಅಪ್ಪ ಏನೂ ಅನ್ನಲಾರ, ಎದ್ದು ಬಂದುಬಿಡುತ್ತಾನೆ ಎಂದುಕೊಂಡೆ. ಲೋಟ ಕೆಳಗಿಟ್ಟ ಸದ್ದು ಕೇಳಿತು.

“ಹಳ್ಳದ ದಂಡಿ ಹೊಲ ನಮ್ಮದಿತ್ತು, ನಿಮಗ ಗೊತ್ತದ,” ಎಂದ ಅಪ್ಪ. ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ. “ಅದರ ಕಾಗದ ನನ್ನ ಮುಂದ ಓದಿದಾಂವ ದೊಡ್ಡ ಮನಷ್ಯಾ ಇದ್ದ. ಎಲ್ಲಾ ಓದೀನಿ, ಏನೂ ಇಲ್ಲ, ಹೆಬ್ಬಟ್ಟು ಒತ್ತು ಅಂದ. ಒತ್ತಿದೆ. ಅವಂಗ ಆ ಕಾಗದದ ಉರ್ದು ಅರ್ಧಾನೂ ಬರ್ತಿದ್ದಿಲ್ಲಂತ, ಆಮ್ಯಾಲ ತಿಳೀತು. ಒಂದ್ ಮಾತು ಅವ ‘ನನಗ ಓದಾಕ ಬರಂಗಿಲ್ಲೋ’ ಅಂದಿದ್ರ ನಾ ಮತ್ತೊಬ್ಬರ ಹತ್ರ ಹೋಗ್ತಿದ್ದೆ. ಅನ್ನಲಿಲ್ಲ. ಹೊಲ ಹೋತು.”

ಆ ಹೊಲ ನಮ್ಮದಾಗಿತ್ತೆಂದು ನನಗೆ ಗೊತ್ತಿತ್ತು. ಹೇಗೆ ಹೋಯಿತೆಂದು ಅಪ್ಪ ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ.

“ಮೂವತ್ತು ವರ್ಷ ಆತು, ಓದಿಲ್ಲಂದ್ರ ಓದಿಲ್ಲ ಅನ್ನವ್ರು ಒಬ್ಬರರ ಸಿಗ್ತಾರೇನಂತ ನೋಡಾಕತ್ತೀನಿ,” ಎಂದ ಅಪ್ಪ. “ನಮ್ಮ ಮನ್ಯಾಗೇ ಹುಟ್ಟ್ಯಾಳ.”

ಊಟಕ್ಕೆ ಕರೆಯಲು ಬಂದವಳು ನಾನು, ಕರೆಯದೆ ಸ್ವಲ್ಪ ಹೊತ್ತು ಹೊರಗೇ ನಿಂತುಕೊಂಡೆ.